ಮೆತ್ತಿನ ಮೇಲಿನ ರೈಲು: ನೋಡುವವರಿಗೊಂದು ಕೈಪಿಡಿ

“ಭಾವ, ಒಂದು ಲೇಔಟ್ ಮಾಡಿದೀನಿ, ಬಂದು ನೋಡಿ” ಎಂದು ಶಿಕಾರಿಪುರದಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. “ಸೈಟು ಎಷ್ಟಕ್ಕೆ ಕೊಡ್ತೀಯ ಮಾರಾಯ?” ಎಂದೆ. ಶಿರಾಳಕೊಪ್ಪ ರಸ್ತೆಯಲ್ಲಿ ಯಾವುದೋ ಗದ್ದೆ ಮಟ್ಟ ಮಾಡಿಸಿ ಕಲ್ಲು ನೆಡಿಸಿದ್ದಾನೆ ಅಂದುಕೊಂಡಿದ್ದೆ. ಸೊರಬದಿಂದ ಬಸ್ಸು ಹತ್ತಿ ಹೋದರೆ ಅವನು ಕರೆದೊಯ್ದದ್ದು ಮನೆಯ ಮೆತ್ತಿಗೆ. ಅಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಹೆಂಚಿನ ಸ್ಟೇಷನ್, ಅಡಿಕೆ ತೋಟ, ಒಂದು ಮನೆಯಂಗಳ, ಸುತ್ತು ಹೊಡೆದು ಬರುವ ಕಂಬಿ. ಪುಟ್ಟ ರೈಲಿನ ಹುಚ್ಚಿನವರ ಭಾಷೆಯಲ್ಲಿ ಇದಕ್ಕೂ ಲೇಔಟ್ ಎಂದೇ ಹೆಸರು.

ಶಿಕಾರಿಪುರಕ್ಕಾಗಲಿ ಸೊರಬಕ್ಕಾಗಲಿ ರೈಲಿಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗ ಬರುವವರೆಗೆ ನಮ್ಮವರು ರೈಲು ಹತ್ತಲು ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗಬೇಕು. ಅದಕ್ಕೇ ಇರಬೇಕು, ಅವನು ಹಲಗೆಯ ಮೇಲೆ ಕೂರಿಸಿದ್ದು ಮೀಟರ್‌ಗೇಜ್ ಕಾಲದ ತಾಳಗುಪ್ಪ ದಾರಿಯನ್ನು, ಬಸ್ಸಿನಂಥ ಒಂಟಿ ಬೋಗಿಯ ರೈಲ್ ಬಸ್ ಓಡುತ್ತಿದ್ದ ದಿನಗಳನ್ನು. ಮೊದಲ ಸಲ ನಾನು ಐದು ನಿಮಿಷ ನೋಡಿ, “ಚೆನ್ನಾಗಿದೆ” ಎಂದು ಕೆಳಗಿಳಿದು ಕಾಫಿ ಕುಡಿದೆ. ಅವನ ಮುಖ ಸಪ್ಪಗಾಗಿತ್ತು. ಆಮೇಲೆ ಹೋಗಿ ಬಂದು ಕಲಿತದ್ದು ಇಷ್ಟು.

ಮೊದಲು ಕೂತುಕೊಳ್ಳಿ

ನಿಂತು ನೋಡಿದರೆ ಹದ್ದಿನ ಕಣ್ಣಿಗೆ ಕಂಡಂತೆ ಕಾಣುತ್ತದೆ. ಊರನ್ನು ನಾವು ಹಾಗೆ ನೋಡಿದವರಲ್ಲ. ಮಣೆಯೋ ಸ್ಟೂಲೋ ಎಳೆದುಕೊಂಡು, ಕಣ್ಣು ಪ್ಲಾಟ್‌ಫಾರಂ ಮಟ್ಟಕ್ಕೆ ಬರುವಂತೆ ಕೂತುಕೊಳ್ಳಿ. ಆಗ ಹಲಗೆಯ ಅಂಚು ಮರೆಯಾಗಿ, ಮರಗಳ ಹಿಂದೆ ಏನೋ ಇದೆ ಅನ್ನಿಸತೊಡಗುತ್ತದೆ. ರೈಲು ಓಡಿಸು ಎಂದು ತಕ್ಷಣ ಕೇಳಬೇಡಿ. ರೈಲಿಲ್ಲದ ಹೊತ್ತಿನಲ್ಲೂ ಆ ಸ್ಟೇಷನ್ ಸ್ಟೇಷನ್ನಿನಂತೆ ಕಂಡರೆ ಕಟ್ಟಿದವನು ಗೆದ್ದ.

ಅಳತೆಪಟ್ಟಿ ಮನಸ್ಸಿನಲ್ಲಿರಲಿ

ಹೆಚ್ಚು ಬಳಕೆಯ ಅಳತೆಗೆ ಎಚ್‌ಒ ಎನ್ನುತ್ತಾರೆ: ನಿಜದ 87ನೇ ಒಂದು ಪಾಲು. ಐದೂವರೆ ಅಡಿಯ ಆಳು ಎರಡು ಸೆಂಟಿಮೀಟರ್‌ಗೂ ಕಡಿಮೆ. ಹಳೆಯ ನೀಲಿ ಬ್ರಾಡ್‌ಗೇಜ್ ಬೋಗಿ 24 ಸೆಂಟಿಮೀಟರ್‌ಗೆ ತುಸು ಮೇಲೆ. ಇನ್ನು ಮರ ನೋಡಿ. 15 ಮೀಟರ್ ಅಡಿಕೆ ಮರ ಈ ಲೆಕ್ಕದಲ್ಲಿ 17 ಸೆಂಟಿಮೀಟರ್ ಆಗಬೇಕು. ಬೋಗಿಯ ಎತ್ತರ ನಾಲ್ಕೂವರೆ. ಎಂದರೆ ಮರ ರೈಲಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಎತ್ತರ. ಹೊಸಬರು ರೈಲೇ ದೊಡ್ಡದಾಗಿ ಕಾಣಲೆಂದು ಮರವನ್ನು ಗಿಡ ಮಾಡಿಬಿಡುತ್ತಾರೆ. ಮರದ ಕೆಳಗೆ ರೈಲು ಸಣ್ಣದಾಗಿ ಕಂಡರೆ ಅಲ್ಲಿ ಮಲೆನಾಡು ಕಂಡವರ ಕೈ ಇದೆ ಎಂದುಕೊಳ್ಳಿ.

ಇದೇ ಅಳತೆಯಲ್ಲಿ ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಸುಮಾರು ನೂರು ಕಿಲೋಮೀಟರ್ ಹಾಸಿದರೆ ಒಂದು ಕಿಲೋಮೀಟರ್‌ಗೂ ಹೆಚ್ಚು ಕಂಬಿ ಬೇಕು. ನನ್ನ ಭಾವಮೈದುನನಿಗಿರುವುದು ಎಂಟಡಿ. ಹಾಗಾಗಿ ಈ ಕಲೆಯೆಂದರೆ ಮುಖ್ಯವಾಗಿ ಏನು ಬಿಡುವುದು ಎಂಬ ತೀರ್ಮಾನ. ಅದೇ ದಾರಿಯ ಅರಸಾಳು ನಿಲ್ದಾಣವನ್ನು ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗೆ ಬಳಸಿದಾಗ ಅಷ್ಟೇ ಜಾಗ ಒಂದು ಇಡೀ ಊರನ್ನು ನಂಬಿಸಿತಲ್ಲ, ಹಾಗೆ.

ಸುಳ್ಳು ಎಲ್ಲಿದೆ ಹುಡುಕಿ

ಎಲ್ಲ ಲೇಔಟ್‌ನಲ್ಲೂ ಸುಳ್ಳಿರುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಕಂಬಿಗಳ ನಡುವಿನ ಅಗಲ 16.5 ಮಿಲಿಮೀಟರ್; ಅದು ಯುರೋಪು, ಅಮೆರಿಕಗಳ 1435 ಮಿಲಿಮೀಟರ್ ಗೇಜಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1676. ಅದಕ್ಕೆ 19 ಮಿಲಿಮೀಟರ್‌ಗೂ ಮೇಲೆ ಬೇಕು. ಮೀಟರ್‌ಗೇಜಿಗೆ ಹನ್ನೊಂದೂವರೆ ಸಾಕು. ಅಂದರೆ ಆ ಕಂಬಿ ನಮ್ಮ ಒಂದಕ್ಕೆ ಬಿಗಿ, ಇನ್ನೊಂದಕ್ಕೆ ದೊಗಳೆ. ನನ್ನ ಭಾವಮೈದುನ ಸ್ಲೀಪರ್‌ಗಳ ತುದಿಯನ್ನೆಲ್ಲ ಹುಲ್ಲು, ಜಲ್ಲಿಯಲ್ಲಿ ಮುಳುಗಿಸಿ ಆ ದೊಗಳೆತನ ಮರೆಸಿದ್ದಾನೆ.

ತಿರುವಿನದು ಇದಕ್ಕಿಂತ ದೊಡ್ಡ ಸುಳ್ಳು. ಮೀಟರ್‌ಗೇಜಿನ ಅತಿ ಬಿಗಿ ತಿರುವಿಗೂ 109 ಮೀಟರ್ ತ್ರಿಜ್ಯ ಬೇಕು. ಕುಗ್ಗಿಸಿದರೂ ಒಂದೂಕಾಲು ಮೀಟರ್. ಇವನ ತಿರುವು 45 ಸೆಂಟಿಮೀಟರ್. ನಿಜದ ರೈಲು ಅಲ್ಲಿ ಮಗುಚಿಕೊಳ್ಳುತ್ತಿತ್ತು. ಒಂದು ತುದಿಯಲ್ಲಿ ದರೆ ಕಡಿದ ಗುಡ್ಡ, ಇನ್ನೊಂದು ತುದಿಯಲ್ಲಿ ದಟ್ಟ ತೋಟ ಇರುವುದು ಅದಕ್ಕೇ. ಗುಡ್ಡ ಚೆನ್ನಾಗಿದೆ ಎನ್ನುವುದು ಸಾಮಾನ್ಯ ಮೆಚ್ಚುಗೆ. ಗುಡ್ಡ ಸರಿಯಾದ ಜಾಗದಲ್ಲಿದೆ ಎಂದು ಹೇಳಿ ನೋಡಿ; ಕಟ್ಟಿದವನ ಮುಖ ಅರಳುತ್ತದೆ.

ಬಳ್ಳಿಗಾವಿಗೂ ಸೊರಬಕ್ಕೂ ಹೋಗಿ ಬನ್ನಿ

ಈ ಕಣ್ಣು ಪಳಗಿಸಲು ದೂರ ಹೋಗಬೇಕಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ತ್ರಿಕೂಟ ದೇವಸ್ಥಾನದ ಶಿಖರವನ್ನು ನೋಡಿ. ಒಂದೊಂದು ತಲದಲ್ಲೂ ಪುಟ್ಟ ಗುಡಿಗಳ ರೂಪ. ಮೇಲಕ್ಕೆ ಹೋದಂತೆ ಅವು ಕಿರಿದಾಗುತ್ತವೆ. ಕಣ್ಣು ಅದನ್ನು ದೂರವೆಂದೂ ಎತ್ತರವೆಂದೂ ಓದಿಕೊಳ್ಳುತ್ತದೆ. ಲೇಔಟ್ ಕಟ್ಟುವವರೂ ಇದನ್ನೇ ಮಾಡುತ್ತಾರೆ. ಮುಂದಿನ ಮನೆ 87ರ ಪಾಲಾದರೆ, ಹಿಂದಿನ ಗುಡ್ಡದ ಮನೆಯನ್ನು ಎನ್ ಅಳತೆಯಲ್ಲಿ, ಎಂದರೆ 160ರ ಪಾಲಿನಲ್ಲಿ ಮಾಡುತ್ತಾರೆ. ಎರಡಡಿ ಆಳ ಒಂದು ಹರದಾರಿಯಾಗುತ್ತದೆ.

ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆಯಲ್ಲಿ ಇನ್ನೊಂದು ಪಾಠವಿದೆ. ದೇವರ ಸುತ್ತ ಬಳ್ಳಿ, ಎಲೆ, ಹಕ್ಕಿ ಕಿಕ್ಕಿರಿದಿದ್ದರೂ ನೋಟ ಮೊದಲು ದೇವರ ಮುಖಕ್ಕೇ ಹೋಗುತ್ತದೆ. ಲೇಔಟ್‌ನಲ್ಲೂ ಎಲ್ಲ ವಿವರ ಒಂದೇ ಸಮ ಕೂಗಿದರೆ ಸಂತೆಯಾಗುತ್ತದೆ. ಒಂದು ಕಡೆ ಕಣ್ಣು ನಿಲ್ಲಬೇಕು, ಉಳಿದದ್ದು ಸುಮ್ಮನಿರಬೇಕು. ಗುಡಿಗಾರರು ಬಾಸಿಂಗಕ್ಕೆ ಬಳಸುವ ಬೆಂಡು ನನ್ನ ಭಾವಮೈದುನನಿಗೂ ಒದಗಿದೆ. ಹಗುರ, ಬ್ಲೇಡಿಗೆ ಬೆಣ್ಣೆಯಂತೆ ಬಗ್ಗುತ್ತದೆ. ಸ್ಟೇಷನ್ನಿನ ಗೋಡೆ, ಅಂಗಳದ ಪಾಗಾರ ಎಲ್ಲ ಬೆಂಡಿನದೇ. ಅಡಿಕೆ ಮರದ ಕಾಂಡ ಹಿಡಿಕಡ್ಡಿ: ಎರಡು ಮಿಲಿಮೀಟರ್ ದಪ್ಪ, 87ರಿಂದ ಗುಣಿಸಿದರೆ 17 ಸೆಂಟಿಮೀಟರ್, ಹೆಚ್ಚುಕಡಿಮೆ ತೋಟದ ಮರದ್ದೇ ದಪ್ಪ. ಸೋಗೆಗೆ ಕೋಳಿಗರಿ.

ಒಂದು ಅಂಗಳವನ್ನು ಹತ್ತಿರದಿಂದ

ಸ್ಟೇಷನ್ನಿನ ಪಕ್ಕದ ಮನೆಯಂಗಳದಲ್ಲಿ ಅಡಿಕೆ ಒಣಗಿಸಿದೆ. ಮೊದಲು ಅವನು ಚೆಲ್ಲಿದ್ದು ರಾಗಿ ಕಾಳು. ನೋಡಲು ಸೊಗಸಾಗಿಯೇ ಇತ್ತು. ಒಂದು ದಿನ ನಾನು ಲೆಕ್ಕ ಹಾಕಿದೆ: ಒಂದೂವರೆ ಮಿಲಿಮೀಟರ್ ಕಾಳು ಎಂದರೆ 13 ಸೆಂಟಿಮೀಟರ್ ಅಡಿಕೆ. “ಇದು ತೆಂಗಿನಕಾಯಿ ಕಣೋ” ಎಂದೆ. ಮುಂದಿನ ಸಲಕ್ಕೆ ಚಿರೋಟಿ ರವೆ ಬಂತು, ಅದಕ್ಕೆ ಅಡಿಕೆ ಬೇಯಿಸಿದ ಚೊಗರನ್ನೇ ಚಿಮುಕಿಸಿ ಒಣಗಿಸಿದ್ದ. ಬಣ್ಣ ಅಚ್ಚು ಕೆಂಪಡಿಕೆ. ವಾರದೊಳಗೆ ಇರುವೆ ಹತ್ತಿದವು. ಈ ಊರಿನ ಲೆಕ್ಕದಲ್ಲಿ ಒಂದೊಂದು ಇರುವೆಯೂ ಬೆಕ್ಕಿನ ಗಾತ್ರ. ಹಾಡುಹಗಲೇ ಅಂಗಳದ ಫಸಲನ್ನೆಲ್ಲ ಹೊತ್ತುಕೊಂಡು ಹೋದವು. ಈಗಿರುವುದು ಸೋಸಿದ ಹೊಳೆಮರಳು, ಬಣ್ಣ ಮಾತ್ರ ಚೊಗರಿನದೇ, ಕೆಳಗೆ ತೆಳ್ಳಗೆ ಗೋಂದು.

ಇಂಥ ಇತಿಹಾಸ ಪ್ರತಿ ಮೂಲೆಗೂ ಇರುತ್ತದೆ. ಕೇಳಿ, ಹೇಳುತ್ತಾರೆ. ಒಂದು ಸರಿಯಾದೊಡನೆ ಪಕ್ಕದ್ದರ ತಪ್ಪು ಕಾಣುತ್ತದೆ: ಅಡಿಕೆ ಸಣ್ಣದಾದ ಮೇಲೆ ಅದನ್ನು ಹರಡುವ ಹೆಂಗಸಿನ ಕೈ ದಪ್ಪವಾಯಿತು. ಹೀಗೆ ಕೆಲಸ ಮುಗಿಯುವುದೇ ಇಲ್ಲ. ಪುಟ್ಟ ರೈಲುಗಳ ಪ್ರದರ್ಶನವಾದ ಹ್ಯಾಂಬರ್ಗಿನ ಮಿನಿಯಾಟೂರ್ ವುಂಡರ್‌ಲಾಂಡ್ 2001ರಲ್ಲಿ ತೆರೆಯಿತು, ಇವತ್ತಿಗೂ ಕಟ್ಟುತ್ತಲೇ ಇದ್ದಾರೆ. ಮಲೆನಾಡಿನಲ್ಲಿ ಕಟ್ಟುವವರಿಗೆ ಮಳೆಗಾಲವೇ ಪ್ರತಿ ವರ್ಷ ಕೆಲಸ ಕೊಡುತ್ತದೆ. ಹಲಗೆ ಉಬ್ಬುತ್ತದೆ, ಕಂಬಿಯ ಸಂದು ಏಳುತ್ತದೆ, ಗಾಲಿಗೆ ಕಿಲುಬು ಹಿಡಿದು ಕರೆಂಟು ಹರಿಯುವುದಿಲ್ಲ.

ಈಗ ಓಡಿಸಲು ಹೇಳಿ

ಗಡಿಯಾರ ನೋಡಿಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ಓಡುವ ರೈಲ್ ಬಸ್ಸು ಈ ಅಳತೆಯಲ್ಲಿ ಒಂದು ಮೀಟರ್ ದಾಟಲು ಸುಮಾರು ಎಂಟು ಸೆಕೆಂಡ್ ತೆಗೆದುಕೊಳ್ಳಬೇಕು. ಮಕ್ಕಳ ಕೈಗೆ ಗುಂಡಿ ಕೊಟ್ಟರೆ ಎರಡೇ ಸೆಕೆಂಡಿನಲ್ಲಿ ದಾಟುತ್ತದೆ, ಅದು ಆಟಿಕೆ. ಓಟಕ್ಕಿಂತ ಹೊರಡುವುದನ್ನೂ ನಿಲ್ಲುವುದನ್ನೂ ಗಮನಿಸಿ. ಗಾಡಿಗೆ ತೂಕವಿದೆ ಅನ್ನಿಸಬೇಕು. ಹಳೆಯ ಪದ್ಧತಿಯಲ್ಲಿ ಕಂಬಿಗೆ ಹರಿಸುವ 12 ವೋಲ್ಟಿನೊಳಗಿನ ಕರೆಂಟನ್ನು ಕೈಯಲ್ಲೇ ಏರಿಸಿ ಇಳಿಸಬೇಕು. ಈಗಿನ ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಿ ಎಂಜಿನ್ನಿನೊಳಗಿನ ಚಿಪ್ ಆ ಕೆಲಸ ಮಾಡುತ್ತದೆ. ಇವನದು ಹಳೆಯ ಪದ್ಧತಿ. ತೋಟದ ಹಿಂದೆ ಗಾಡಿ ಮರೆಯಾದಾಗ ಬೇಕೆಂದೇ ಅರ್ಧ ನಿಮಿಷ ನಿಲ್ಲಿಸುತ್ತಾನೆ. ಆ ಅರ್ಧ ನಿಮಿಷ ಅದು ಸಾಗರಕ್ಕೆ ಹೋಗಿರುತ್ತದೆ.

ಕೇಳಬೇಕಾದ ಪ್ರಶ್ನೆ

“ಎಷ್ಟು ಖರ್ಚಾಯಿತು?” ಬೇಡ. “ಯಾವಾಗ ಮುಗಿಯುತ್ತದೆ?” ಅಂತೂ ಬೇಡವೇ ಬೇಡ. ಕಳೆದ ಸಲದಿಂದ ಏನು ಬದಲಾಗಿದೆ ಎಂದು ಕೇಳಬಹುದು. ಕೇಳದೆ ತಾವೇ ಹುಡುಕಿದರೆ ಇನ್ನೂ ಮೇಲು.

ಮೊನ್ನೆ ಹೋದಾಗ ಅವನೇ ಪರೀಕ್ಷೆ ಇಟ್ಟ: “ಏನೋ ಒಂದು ಬೇರೆ ಮಾಡಿದೀನಿ, ಹೇಳಿ ನೋಡಣ.” ಸ್ಟೂಲು ಎಳೆದುಕೊಂಡು ಕೂತೆ. ಹೆಂಚು, ತೋಟ, ಅಂಗಳ ಎಲ್ಲ ಹಾಗೇ ಇದ್ದವು. ಹೊಸದೇನೂ ಕಾಣಲಿಲ್ಲ. ರೈಲ್ ಬಸ್ಸು ಒಂದು ಸುತ್ತು ಬಂದು ನಿಂತಿತು. ಆಗ ಹೊಳೆಯಿತು.

“ಹಸಿರು ಬಾವುಟ ಎತ್ತಿಕೊಂಡು ನಿಂತಿದ್ದ ಮಾಸ್ತರು ಎಲ್ಲಿ?”

“ರಿಟೈರ್ ಮಾಡಿಬಿಟ್ಟೆ ಭಾವ. ಗಾಡಿ ಹೋದ ಮೇಲೂ ಕೈ ಇಳಿಸ್ತಿರಲಿಲ್ಲ.”

ಪ್ಲಾಟ್‌ಫಾರಂ ಮೇಲೆ ಈಗ ಖಾಲಿ ಕುರ್ಚಿ ಮಾತ್ರ ಇದೆ. ಮಾಸ್ತರು ಒಳಗೆ ಎಲ್ಲೋ ಟಿಕೆಟ್ ಹರಿಯುತ್ತಿದ್ದಾರೆ ಅನ್ನಿಸುತ್ತದೆ. ಅವತ್ತು ಕಾಫಿಯನ್ನು ಅವನು ಮೆತ್ತಿಗೇ ತಂದ.