ವಿಡಿಯೋ ಪತ್ರಿಕೆಯ ಆಯ್ಕೆ ಹೇಗೆ?

ಕೆಲವು ವರ್ಷಗಳ ಹಿಂದೆ ನಮ್ಮ ಭೌತವಿಜ್ಞಾನ ವಿಭಾಗದಲ್ಲಿ ಒಂದು ಸರಳ ಪ್ರಯೋಗವನ್ನು ವಿಡಿಯೋದಲ್ಲಿ ಚಿತ್ರಿಸಿದೆವು. ತಾಮ್ರದ ಕೊಳವೆಯೊಳಗೆ ಕಾಂತವೊಂದು ನಿಧಾನವಾಗಿ ಇಳಿಯುವ ಪ್ರಯೋಗ ಅದು. ಅಮೆರಿಕದ ಪತ್ರಿಕೆಯೊಂದರಲ್ಲಿ ಓದಿದ್ದಂತೆ ಸೆಕೆಂಡಿಗೆ 30 ಚೌಕಟ್ಟು, ಷಟರ್ 1/60 ಸೆಕೆಂಡ್ ಎಂದು ಕ್ಯಾಮೆರಾವನ್ನು ಹೊಂದಿಸಿದ್ದೆವು. ಚಿತ್ರವನ್ನು ತೆರೆಯ ಮೇಲೆ ನೋಡಿದಾಗ ಇಡೀ ಪ್ರಯೋಗಾಲಯವೇ ಮಿಣುಕುತ್ತಿತ್ತು. "ಸರ್, ಇದೂ ಲೆಂಜ್ ನಿಯಮದ ಪರಿಣಾಮವೇ?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

ತಪ್ಪು ಕ್ಯಾಮೆರಾದ್ದಲ್ಲ. ಅಮೆರಿಕದಲ್ಲಿ ವಿದ್ಯುತ್ತಿನ ಆವೃತ್ತಿ 60 ಹರ್ಟ್ಸ್, ನಮ್ಮಲ್ಲಿ 50. ನಮ್ಮ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. 1/50 ಸೆಕೆಂಡಿನಲ್ಲಿ ಸರಿಯಾಗಿ ಎರಡು ಏರಿಳಿತಗಳು ಅಡಗುತ್ತವೆ. 1/60ರಲ್ಲಿ ಒಂದೂ ಮುಕ್ಕಾಲಿಗೆ ತುಸು ಕಡಿಮೆ. ಆದ್ದರಿಂದ ಒಂದೊಂದು ಚೌಕಟ್ಟಿಗೆ ಒಂದೊಂದು ಪ್ರಮಾಣದ ಬೆಳಕು ದೊರೆಯುತ್ತದೆ. ಷಟರನ್ನು 1/50ಕ್ಕೆ ಬದಲಿಸಿದೊಡನೆ ಮಿಣುಕು ನಿಂತಿತು. ಪತ್ರಿಕೆ ಅಂಕಿಯನ್ನು ಕೊಟ್ಟಿತ್ತು, ಕಾರಣವನ್ನು ಕೊಟ್ಟಿರಲಿಲ್ಲ. ಓದುಗ ಬೇರೆ ದೇಶದಲ್ಲೂ ಇರಬಹುದು ಎಂಬುದನ್ನು ಅದು ಮರೆತಿತ್ತು.

ಶಾಲೆಯ ಕಾರ್ಯಕ್ರಮಗಳನ್ನೂ ಪ್ರಯೋಗಗಳನ್ನೂ ಚಿತ್ರಿಸುವ ಅಧ್ಯಾಪಕರು, ಬಿಡುವಿನಲ್ಲಿ ಮದುವೆ ವಿಡಿಯೋ ಮಾಡಿ ನಾಲ್ಕು ಕಾಸು ಸಂಪಾದಿಸುವ ವಿದ್ಯಾರ್ಥಿಗಳು "ಯಾವ ಪತ್ರಿಕೆ ಓದಬೇಕು?" ಎಂದು ಕೇಳುತ್ತಾರೆ. ಗ್ರಂಥಾಲಯದ ಹಣ ಸೀಮಿತವಾದ್ದರಿಂದ ಇದು ಸಣ್ಣ ಪ್ರಶ್ನೆಯಲ್ಲ.

ಇಂಗ್ಲಿಷಿನ ಇಂಥ ಪತ್ರಿಕೆಗಳಲ್ಲಿ ಮೂರು ಬಗೆ ಎನ್ನಬಹುದು. ಮೊದಲನೆಯದು ಹವ್ಯಾಸಿಗಳಿಗೂ ಅರೆವೃತ್ತಿಪರರಿಗೂ ಮೀಸಲಾದದ್ದು. 1986ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ 'ವಿಡಿಯೋಮೇಕರ್' ಇದಕ್ಕೆ ಉದಾಹರಣೆ. ಬೆಳಕು, ಧ್ವನಿ, ಸಂಕಲನಗಳ ಬಗ್ಗೆ ಹಂತಹಂತವಾಗಿ ಹೇಳಿಕೊಡುವುದು ಇದರ ಗುಣ. ಉಪಕರಣಗಳ ವಿಮರ್ಶೆಗೂ ಕೊಳ್ಳುವ ಮಾರ್ಗದರ್ಶಿಗೂ ಹೆಚ್ಚು ಪುಟ ಹೋಗುವುದು ಇಂಥ ಪತ್ರಿಕೆಗಳ ಮಿತಿ. ಎರಡನೆಯದು 1920ರಲ್ಲಿ ಹುಟ್ಟಿದ 'ಅಮೆರಿಕನ್ ಸಿನೆಮಾಟೋಗ್ರಾಫರ್' ಬಗೆಯದು. ಒಂದು ದೃಶ್ಯಕ್ಕೆ ದೀಪಗಳನ್ನು ಎಲ್ಲಿ, ಏಕೆ ಇಟ್ಟರು ಎಂದು ಛಾಯಾಗ್ರಾಹಕರೇ ವಿವರಿಸುತ್ತಾರೆ. ಅವರ ಸಲಕರಣೆ ನಮ್ಮ ಕೈಗೆ ಎಟುಕದು, ಆದರೆ ಅವರ ತರ್ಕ ಎಟುಕುತ್ತದೆ. ಮೂರನೆಯದು, 1916ರಲ್ಲಿ ಸ್ಥಾಪಿತವಾದ ಎಸ್‌ಎಂಪಿಟಿಇ ಎಂಬ ತಂತ್ರಜ್ಞರ ಸಂಘದ ಸಂಶೋಧನಾ ಪತ್ರಿಕೆ. ಇದು ಎಂಜಿನಿಯರಿಂಗ್ ಕಾಲೇಜಿಗೆ ಸರಿ, ಹೊಸಬರಿಗೆ ಕಬ್ಬಿಣದ ಕಡಲೆ.

ಹೆಸರು ನೋಡಿ ಆರಿಸುವ ಬದಲು ಒಂದು ಹಳೆಯ ಸಂಚಿಕೆಯನ್ನು ತೆಗೆದುಕೊಂಡು ನೀವೇ ಪರೀಕ್ಷಿಸಿ.

ಮೊದಲ ಪರೀಕ್ಷೆ ಅಳತೆಯದು. ಕ್ಯಾಮೆರಾದ ಸಂವೇದಕ 1/3 ಇಂಚಿನದು ಎಂದು ಬರೆದಿರುತ್ತಾರೆ. ಇಂಚಿನ ಮೂರನೇ ಒಂದು ಎಂದರೆ ಸುಮಾರು 8.5 ಮಿಲಿಮೀಟರ್. ಆದರೆ ಆ ಸಂವೇದಕದ ಕರ್ಣ ಸುಮಾರು 6 ಮಿಲಿಮೀಟರ್ ಮಾತ್ರ! ಹಳೆಯ ಕ್ಯಾಮೆರಾ ನಳಿಕೆಗಳ ಗಾಜಿನ ಹೊರವ್ಯಾಸದಿಂದ ಬಂದ ಹೆಸರು ಅದು. ಇದನ್ನು ಬಿಡಿಸಿ ಹೇಳುವ ಪತ್ರಿಕೆ ನಂಬಿಕೆಗೆ ಅರ್ಹ.

ಎರಡನೆಯದು ಕತ್ತಲಿನ ಪರೀಕ್ಷೆ. ಇಷ್ಟು ಲಕ್ಸ್ ಬೆಳಕಿನಲ್ಲೂ ಕ್ಯಾಮೆರಾ ಚಿತ್ರ ತೆಗೆಯುತ್ತದೆ ಎಂದಷ್ಟೇ ಹೇಳಿದರೆ ಸಾಲದು. ಷಟರ್ ಎಷ್ಟು, ಮಸೂರದ ದ್ವಾರ ಎಷ್ಟು, ವರ್ಧನೆ ಎಷ್ಟು? 18 ಡೆಸಿಬೆಲ್ ವರ್ಧನೆ ಎಂದರೆ ಸಂಕೇತವನ್ನು ಎಂಟು ಪಟ್ಟು ಹಿಗ್ಗಿಸಿದಂತೆ. ಅದರೊಂದಿಗೆ ಗದ್ದಲವೂ ಹಿಗ್ಗುತ್ತದೆ. ಈ ಮೂರನ್ನು ಹೇಳದ ವಿಮರ್ಶೆ, ಏಕಮಾನವಿಲ್ಲದ ಉತ್ತರದಂತೆ. ನಿಮ್ಮ ವಿದ್ಯಾರ್ಥಿ ಹಾಗೆ ಬರೆದರೆ ಅಂಕ ಕೊಡುತ್ತೀರಾ?

ಮೂರನೆಯದು ಕಾಲದ ಪರೀಕ್ಷೆ. 1995ರಲ್ಲಿ ಬಂದ ಡಿವಿ ಟೇಪು, 2003ರಲ್ಲಿ ಬಂದ ಎಚ್‌ಡಿವಿ ಇವುಗಳ ಕುರಿತು ಅಂದು ನೂರಾರು ಪುಟಗಳು ಅಚ್ಚಾದವು. ಹಳೆಯ ಟೇಪುಗಳನ್ನು ಉಳಿಸಿಕೊಳ್ಳುವವರನ್ನು ಬಿಟ್ಟರೆ ಅವು ಇಂದು ಯಾರಿಗೂ ಬೇಡ. ಅದೇ ಸಂಚಿಕೆಯಲ್ಲಿ ದೀಪವನ್ನು ಎರಡು ಪಟ್ಟು ದೂರ ಒಯ್ದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂದೋ, ಮೈಕನ್ನು ಅರ್ಧ ದೂರಕ್ಕೆ ತಂದರೆ ಬಯಲಿನಲ್ಲಿ ಧ್ವನಿ 6 ಡೆಸಿಬೆಲ್ ಏರುತ್ತದೆ ಎಂದೋ ಬರೆದಿದ್ದರೆ ಆ ಪುಟ ಇಂದಿಗೂ ಹೊಸದು. ಅದು ವಿಲೋಮ ವರ್ಗ ನಿಯಮ. ಕ್ಯಾಮೆರಾದ ಮಾದರಿ ಬದಲಾದರೂ ಅದು ಬದಲಾಗುವುದಿಲ್ಲ. ಹತ್ತು ವರ್ಷ ಹಳೆಯ ಸಂಚಿಕೆಯಲ್ಲಿ ಇಂಥ ಪುಟಗಳು ಎಷ್ಟಿವೆ, ಎಣಿಸಿ ನೋಡಿ.

ನನ್ನ ಅಭಿಪ್ರಾಯ ಇಷ್ಟು: ಆರಂಭಿಸುವವರಿಗೆ ಮೊದಲ ಬಗೆಯ ಪತ್ರಿಕೆಯೇ ಸರಿ, ಆದರೆ ಪಾಠದ ಪುಟಗಳಿಗಾಗಿ ಮಾತ್ರ. ಒಂದೆರಡು ವರ್ಷ ಕೈ ಪಳಗಿದ ಮೇಲೆ ಎರಡನೆಯದಕ್ಕೆ ಹೋಗಿ. ಹೊಸ ಸಂಚಿಕೆಯೇ ಬೇಕೆಂದಿಲ್ಲ. ಹಳೆಯವು ಸಿಕ್ಕರೆ ಬಿಡಬೇಡಿ. ಓದಿ ಮುಗಿಸಿದ ಮೇಲೆ ನಿಮಗೆ ಏನು ಮಾಡಬೇಕೆನಿಸಿತು ಎಂಬುದನ್ನು ಗಮನಿಸಿ. ಹೊಸ ಕ್ಯಾಮೆರಾ ಕೊಳ್ಳಬೇಕೆನಿಸಿದರೆ ಆ ಪತ್ರಿಕೆಯ ಚಂದಾ ಮುಂದುವರಿಸುವ ಮುನ್ನ ಯೋಚಿಸಿ. ಇರುವ ಕ್ಯಾಮೆರಾವನ್ನೇ ಹಿಡಿದು, ಮೇಜಿನ ದೀಪವನ್ನು ಒಂದಡಿ ಪಕ್ಕಕ್ಕೆ ಸರಿಸಿ ನೋಡಬೇಕೆನಿಸಿದರೆ ಧಾರಾಳವಾಗಿ ತರಿಸಿಕೊಳ್ಳಿ.