ಬೀಗ ಹಾಕಿದ ಮೊಬೈಲ್: ಕೀಲಿಕೈ ಯಾರ ಬಳಿ ಇರಬೇಕು?

ಮೊಬೈಲ್ ಫೋನ್ ಕೊಳ್ಳುವಾಗ ನಾವು ಬೆಲೆ, ಬ್ಯಾಟರಿ, ಕ್ಯಾಮೆರಾ ಎಲ್ಲವನ್ನೂ ವಿಚಾರಿಸುತ್ತೇವೆ. ‘ಇದಕ್ಕೆ ಯಾವ ಕಂಪನಿಯ ಸಿಮ್ ಹಾಕಬಹುದು?’ ಎಂದು ಕೇಳುವವರು ನಮ್ಮಲ್ಲಿ ವಿರಳ. ಭಾರತದಲ್ಲಿ ಮಾರಾಟವಾಗುವ ಬಹುಪಾಲು ಫೋನುಗಳಿಗೆ ಯಾವ ಕಂಪನಿಯ ಸಿಮ್ ಆದರೂ ಸರಿ. ಅಮೆರಿಕದಲ್ಲಿ ಸ್ಥಿತಿ ಬೇರೆ. ಅಲ್ಲಿ ಸೇವೆ ಒದಗಿಸುವ ಕಂಪನಿಗಳೇ ಫೋನನ್ನೂ ಮಾರುತ್ತವೆ. ಹೀಗೆ ಮಾರಿದ ಎಷ್ಟೋ ಫೋನುಗಳು ಬೇರೆ ಕಂಪನಿಯ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ. ಅಲ್ಲಿಂದ ಬಂದ ಬಂಧುಗಳು ಪ್ರೀತಿಯಿಂದ ಕೊಟ್ಟ ಫೋನು ಇಲ್ಲಿನ ಸಿಮ್ ಕಂಡೊಡನೆ ಮುಷ್ಕರ ಹೂಡುವುದು ಇದೇ ಕಾರಣದಿಂದ. ಈ ನಿರ್ಬಂಧಕ್ಕೆ ‘ಸಿಮ್ ಲಾಕ್’ ಎಂದು ಹೆಸರು. ಈ ಬೀಗದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ?

ಬೀಗ ಇರುವುದೆಲ್ಲಿ?

ಮೊದಲು ಬೀಗದ ರಚನೆ ನೋಡೋಣ. ಪ್ರತಿಯೊಂದು ಸಿಮ್‌ನಲ್ಲಿಯೂ ‘ಐಎಂಎಸ್‌ಐ’ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಇದರಲ್ಲಿ ಹೆಚ್ಚೆಂದರೆ 15 ಅಂಕಿಗಳು. ಮೊದಲ 3 ಅಂಕಿಗಳು ದೇಶವನ್ನು ಸೂಚಿಸುತ್ತವೆ. ಭಾರತಕ್ಕೆ 404 ಮತ್ತು 405. ಅಮೆರಿಕಕ್ಕೆ 310ರಿಂದ ಆರಂಭವಾಗುವ ಕೆಲವು ಸಂಖ್ಯೆಗಳು. ಮುಂದಿನ 2 ಅಥವಾ 3 ಅಂಕಿಗಳು ಸೇವಾ ಕಂಪನಿಯನ್ನು ಸೂಚಿಸುತ್ತವೆ. ಬೀಗ ಹಾಕಿದ ಫೋನು ಚಾಲೂ ಆದಾಗ ಸಿಮ್‌ನ ಈ ಅಂಕಿಗಳನ್ನು ಓದಿ, ತನ್ನ ಸ್ಮೃತಿಯಲ್ಲಿರುವ ಅಂಕಿಗಳೊಡನೆ ಹೋಲಿಸುತ್ತದೆ. ಹೊಂದಿಕೆಯಾಗದಿದ್ದರೆ ಸೇವೆ ಇಲ್ಲ. ಬೀಗ ತೆಗೆಯಲು ಹಿಂದೆ ಒಂದು ಸಂಕೇತ ಸಂಖ್ಯೆಯನ್ನು ಒತ್ತಬೇಕಿತ್ತು. ಐಫೋನ್‌ನಂಥ ಫೋನುಗಳಲ್ಲಿ ಬೀಗದ ಸ್ಥಿತಿಯನ್ನು ತಯಾರಕರ ಸರ್ವರ್‌ನ ದಾಖಲೆ ನಿರ್ಧರಿಸುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಫೋನಿನ ರೇಡಿಯೊ ಮಂಡಲ ಒಂದು ಜಾಲದ ಆವೃತ್ತಿಗಳಿಗೆ ಹೊಂದದಿದ್ದರೆ ಅದು ತಾಂತ್ರಿಕ ಮಿತಿ. ಸಿಮ್ ಬೀಗ ಅಂಥದಲ್ಲ. ಮಂಡಲ ಸಮರ್ಥವಾಗಿಯೇ ಇರುತ್ತದೆ; ತಂತ್ರಾಂಶ ಅದನ್ನು ತಡೆದಿರುತ್ತದೆ. ಅಂದರೆ ಇದು ವ್ಯಾಪಾರದ ಒಪ್ಪಂದವೊಂದನ್ನು ಯಂತ್ರದೊಳಗೆ ಬರೆದಿಟ್ಟ ಹಾಗೆ.

ಬೀಗದ ಪರವಾದ ವಾದ

ಕಂಪನಿಗಳ ವಾದದಲ್ಲಿ ಹುರುಳಿಲ್ಲದೆ ಇಲ್ಲ. 2008ರ ಜುಲೈನಲ್ಲಿ ಅಮೆರಿಕದಲ್ಲಿ ‘ಐಫೋನ್ 3ಜಿ’ಯ ಬೆಲೆ 199 ಡಾಲರ್‌ನಿಂದ ಆರಂಭವಾಗಿತ್ತು. ಎಟಿ ಅಂಡ್ ಟಿ ಕಂಪನಿಯೊಡನೆ ಎರಡು ವರ್ಷದ ಕರಾರಿಗೆ ಸಹಿ ಹಾಕಿದವರಿಗೆ ಮಾತ್ರ ಆ ಬೆಲೆ. ಉಳಿದ ಹಣವನ್ನು ಕಂಪನಿ ತಾನು ಭರಿಸಿ, ತಿಂಗಳ ಬಿಲ್ಲಿನಿಂದ ಹಿಂಪಡೆಯುತ್ತಿತ್ತು. ಕೊಂಡವರು ಮರುದಿನವೇ ಬೇರೆ ಕಂಪನಿಗೆ ಹೋದರೆ ಆ ಹಣದ ಗತಿ? ಅದಕ್ಕೆ ಬೀಗವೇ ಭದ್ರತೆ.

ಕಡಿಮೆ ಆದಾಯದವರಿಗೂ ಇದರಿಂದ ಅನುಕೂಲವಿದೆ. 2017ರಲ್ಲಿ ಭಾರತದಲ್ಲಿ ಬಂದ ‘ಜಿಯೋಫೋನ್’ ಇದಕ್ಕೆ ಉದಾಹರಣೆ. ಗುಂಡಿಗಳಿದ್ದ ಆ 4ಜಿ ಫೋನಿಗೆ 1,500 ರೂಪಾಯಿ ಠೇವಣಿ. ಮೂರು ವರ್ಷದ ನಂತರ ಫೋನು ಮರಳಿಸಿದರೆ ಹಣ ವಾಪಸು. ಆದರೆ ಅದು ಜಿಯೋ ಜಾಲದಲ್ಲಿ ಮಾತ್ರ ನಡೆಯುತ್ತಿತ್ತು. ಸ್ಮಾರ್ಟ್‌ಫೋನಿನ ಬೆಲೆ ಕೈಗೆಟುಕದವರಿಗೆ ಇಂಟರ್‌ನೆಟ್ ದೊರೆತದ್ದು ಸಣ್ಣ ಲಾಭವೇನಲ್ಲ.

ಮೂರನೆಯ ವಾದ ವಂಚನೆಯದು. ಸುಳ್ಳು ಹೆಸರಿನಲ್ಲಿ ಕಂತಿಗೆ ಫೋನು ಪಡೆದು ಹೊರದೇಶಕ್ಕೆ ಸಾಗಿಸುವವರಿಗೆ ಬೀಗ ಅಡ್ಡಿಯಾಗುತ್ತದೆ. 2019ರಲ್ಲಿ ವೆರೈಝನ್ ಕಂಪನಿ ಈ ಕಾರಣವನ್ನು ಮುಂದಿಟ್ಟು, ಹೊಸ ಫೋನುಗಳಿಗೆ 60 ದಿನ ಬೀಗ ಹಾಕಲು ಅಮೆರಿಕದ ಸಂಪರ್ಕ ಆಯೋಗದಿಂದ ಅನುಮತಿ ಪಡೆಯಿತು.

ವಾದ ಸೋಲುವುದೆಲ್ಲಿ?

ಬೀಗವು ರಿಯಾಯಿತಿಗೆ ಭದ್ರತೆ ಎನ್ನುವುದಾದರೆ ರಿಯಾಯಿತಿ ಇಲ್ಲದೆಡೆ ಬೀಗವೂ ಇರಬಾರದು. 2007ರ ಜೂನ್‌ನಲ್ಲಿ ಮೊದಲ ಐಫೋನ್ ಬಂದಾಗ ಬೆಲೆ 499 ಮತ್ತು 599 ಡಾಲರ್. ಅದು ರಿಯಾಯಿತಿಯ ಬೆಲೆಯಾಗಿರಲಿಲ್ಲ. ಆದರೂ ಅದು ಎಟಿ ಅಂಡ್ ಟಿ ಜಾಲಕ್ಕೆ ಬಂಧಿಯಾಗಿತ್ತು. ಇಲ್ಲಿ ಬೀಗ ಕಾಪಾಡಿದ್ದು ಸಾಲವನ್ನಲ್ಲ, ಏಕಸ್ವಾಮ್ಯವನ್ನು.

ಎರಡನೆಯದಾಗಿ, ಸಾಲ ತೀರಿದ್ದು ಬೀಗಕ್ಕೆ ತಾನಾಗಿ ತಿಳಿಯುವುದಿಲ್ಲ. ಕರಾರು ಮುಗಿದರೂ ಗ್ರಾಹಕ ಅರ್ಜಿ ಹಾಕಿ ಕಾಯಬೇಕು. ಕೆಲವೆಡೆ ಶುಲ್ಕವನ್ನೂ ತೆರಬೇಕಿತ್ತು. ಅಮೆರಿಕದಲ್ಲಿ ಕಾನೂನೂ ಅಡ್ಡ ಬಂತು. ತಂತ್ರಾಂಶದ ಬೀಗ ಮುರಿಯುವುದನ್ನು ನಿಷೇಧಿಸುವ 1998ರ ಕೃತಿಸ್ವಾಮ್ಯ ಕಾಯಿದೆಯಿಂದ ಮೊಬೈಲ್‌ಗೆ 2006ರಲ್ಲಿ ವಿನಾಯಿತಿ ದೊರೆತಿತ್ತು. 2013ರ ಜನವರಿಯಲ್ಲಿ ಹೊಸ ಫೋನುಗಳಿಗೆ ಆ ವಿನಾಯಿತಿ ಕೊನೆಗೊಂಡಿತು. ಹಣ ಕೊಟ್ಟು ಕೊಂಡ ಫೋನಿನ ಬೀಗವನ್ನು ಕಂಪನಿಯ ಒಪ್ಪಿಗೆಯಿಲ್ಲದೆ ತೆಗೆಯುವುದು ಕಾನೂನುಬಾಹಿರವಾಯಿತು! ಒಂದು ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಹೊಸ ಕಾಯಿದೆಗೆ ಸಹಿ ಹಾಕಿದ ಮೇಲೆ ಆ ಹಕ್ಕು ಮರಳಿ ಬಂತು.

ಮೂರನೆಯದು ಸ್ಪರ್ಧೆಗೆ ಆಗುವ ಹಾನಿ. ಭಾರತದಲ್ಲಿ 2011ರ ಜನವರಿ 20ರಿಂದ ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ ಇದೆ. ಆದರೆ ಸಂಖ್ಯೆ ಸ್ವತಂತ್ರವಾಗಿದ್ದು ಫೋನು ಬಂಧಿಯಾಗಿದ್ದರೆ ಈ ಸೌಲಭ್ಯ ಅರ್ಧ ಮಾತ್ರ. ಊರಿನಲ್ಲಿ ಆ ಕಂಪನಿಯ ಸಿಗ್ನಲ್ ದುರ್ಬಲವಾದರೆ ಫೋನನ್ನೇ ಬದಲಿಸಬೇಕು. ಸುಸ್ಥಿತಿಯಲ್ಲಿರುವ ಉಪಕರಣ ಮೂಲೆ ಸೇರಿ ಇ-ತ್ಯಾಜ್ಯವಾಗುವುದಕ್ಕೆ ಇದೂ ಒಂದು ದಾರಿ.

ಬೀಗವಿಲ್ಲದೆ ಕಂತು ಸಾಧ್ಯವೇ?

ಇದಕ್ಕೆ ಪ್ರಯೋಗ ಈಗಾಗಲೇ ನಡೆದಿದೆ. ಕೆನಡಾ 2017ರ ಡಿಸೆಂಬರ್ 1ರಿಂದ ಬೀಗ ತೆಗೆಯುವ ಶುಲ್ಕವನ್ನು ರದ್ದು ಮಾಡಿ, ಹೊಸ ಫೋನುಗಳನ್ನು ಬೀಗವಿಲ್ಲದೆ ಕೊಡಬೇಕೆಂದು ವಿಧಿಸಿತು. ಬ್ರಿಟನ್ 2021ರ ಡಿಸೆಂಬರ್‌ನಿಂದ ಬೀಗ ಹಾಕಿದ ಫೋನುಗಳ ಮಾರಾಟವನ್ನು ನಿಷೇಧಿಸಿತು. ಎರಡೂ ದೇಶಗಳಲ್ಲಿ ಕಂತಿನ ಮಾರಾಟ ನಿಂತಿಲ್ಲ. ಕಂತು ತಪ್ಪಿಸಿದವರಿಂದ ವಸೂಲಿ ಮಾಡಲು ಕರಾರುಪತ್ರವೇ ಇದೆ. ಆದ್ದರಿಂದ ಬೀಗ ಅನಿವಾರ್ಯ ಎಂಬ ಮಾತು ಪರೀಕ್ಷೆಯಲ್ಲಿ ನಿಲ್ಲಲಿಲ್ಲ ಎನ್ನಬಹುದು. ಕರಾರೇ ಇಲ್ಲದ, ಅಗ್ಗದ ಪ್ರೀಪೇಯ್ಡ್ ಫೋನುಗಳ ವಿಷಯದಲ್ಲಿ ಮಾತ್ರ ಈ ಉತ್ತರ ಸಾಲದು. ಅಲ್ಲಿ ಬೀಗ ಹೋದರೆ ಬೆಲೆ ಏರುವ ಸಂಭವವಿದೆ. ಅದರ ಭಾರ ಬೀಳುವುದು ಬಡವರ ಮೇಲೆಯೇ.

ಒಡವೆಯನ್ನು ಗಿರವಿ ಇಟ್ಟು ಸಾಲ ಪಡೆಯುವುದು ನಮಗೆ ಹೊಸದಲ್ಲ. ಗಿರವಿ ಅನ್ಯಾಯವಲ್ಲ, ಸಾಲ ತೀರಿದ ಮೇಲೂ ಒಡವೆ ಕೊಡದಿರುವುದು ಅನ್ಯಾಯ. ಸಿಮ್ ಬೀಗಕ್ಕೂ ಇದೇ ಅಳತೆ ಸಾಕು. ಬೀಗ ಇದೆಯೆಂದು ಮಾರುವಾಗಲೇ ಬರೆದು ತಿಳಿಸಬೇಕು. ಅದು ತೆಗೆಯುವ ದಿನಾಂಕ ಗೊತ್ತಿರಬೇಕು. ಆ ದಿನ ಅರ್ಜಿಯಿಲ್ಲದೆ, ಶುಲ್ಕವಿಲ್ಲದೆ ತಾನಾಗಿಯೇ ತೆರೆದುಕೊಳ್ಳಬೇಕು. ಸರ್ವರ್‌ನಿಂದಲೇ ಬೀಗ ಹಾಕಬಲ್ಲ ತಂತ್ರಜ್ಞಾನಕ್ಕೆ ದಿನಾಂಕ ನೋಡಿ ಅದನ್ನು ತೆಗೆಯುವುದು ಕಷ್ಟದ ಕೆಲಸವಲ್ಲ.

ಹಳೆಯ ಫೋನು ಕೊಳ್ಳುವ ಮುನ್ನ ನೀವೂ ಪರೀಕ್ಷಿಸಬಹುದು. ಬೇರೊಂದು ಕಂಪನಿಯ ಸಿಮ್ ಹಾಕಿ, ಒಂದು ಕರೆ ಮಾಡಿ ನೋಡಿ. ಕರೆ ಹೋದ ಮೇಲೆಯೇ ಹಣ ಕೊಡಿ.