'ಅಮಾಂಡ್ಲಾ!': ಹಾಡಿಗೆ ಬೆದರಿದ ಬಂದೂಕುಗಳು

ಗೋರಿ ಅಗೆಯುವ ದೃಶ್ಯದೊಂದಿಗೆ ಈ ಸಾಕ್ಷ್ಯಚಿತ್ರ ತೆರೆದುಕೊಳ್ಳುತ್ತದೆ. 1964ರಲ್ಲಿ ಪ್ರಿಟೋರಿಯಾದ ಜೈಲಿನಲ್ಲಿ ಗಲ್ಲಿಗೇರಿಸಿ, ಅನಾಥ ಶವದಂತೆ ಹೂತುಹಾಕಿದ್ದ ವುಯಿಸಿಲೆ ಮಿನಿಯ ಮೂಳೆಗಳನ್ನು ಮೂರು ದಶಕಗಳ ಬಳಿಕ ಹೊರತೆಗೆಯಲಾಗುತ್ತಿದೆ. ಮಿನಿ ಕಾರ್ಮಿಕ ಮುಖಂಡ, ಒಳ್ಳೆಯ ಹಾಡುಗಾರ. ವರ್ಣಭೇದ ನೀತಿಯ ರೂವಾರಿಯಾಗಿದ್ದ ಪ್ರಧಾನಿ ವರ್ವುರ್ಡ್‌ಗೆ ಎಚ್ಚರಿಕೆ ಕೊಡುವ ಹಾಡನ್ನು ಕಟ್ಟಿದವನು. ಗಲ್ಲುಗಂಬದ ಕಡೆಗೆ ನಡೆಯುವಾಗಲೂ ಹಾಡುತ್ತಲೇ ಇದ್ದನಂತೆ.

ಅಮೆರಿಕದ ಲೀ ಹಿರ್ಷ್ ಸುಮಾರು ಒಂಬತ್ತು ವರ್ಷ ದುಡಿದು 2002ರಲ್ಲಿ ತೆರೆಗೆ ತಂದ 'ಅಮಾಂಡ್ಲಾ!' ದಕ್ಷಿಣ ಆಫ್ರಿಕಾದ ವಿಮೋಚನಾ ಹೋರಾಟವನ್ನು ಹಾಡುಗಳ ಮೂಲಕ ಹೇಳುತ್ತದೆ. ಅಮಾಂಡ್ಲಾ ಎಂದರೆ ಶಕ್ತಿ, ಅಧಿಕಾರ. ಸಭೆಗಳಲ್ಲಿ ಒಬ್ಬರು ಹಾಗೆ ಕೂಗಿದರೆ, ಅದು ನಮ್ಮದು ಎಂದು ಜನ ಮಾರುತ್ತರ ಕೊಡುತ್ತಿದ್ದರು. ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಇದಕ್ಕೆ ಪ್ರೇಕ್ಷಕರ ಪ್ರಶಸ್ತಿ ಬಂತು.

ಚಿತ್ರದಲ್ಲಿ ನಮಗೆ ಬಹಳ ಹಿಡಿಸಿದ್ದು 'ಮೆಡೊಲ್ಯಾಂಡ್ಸ್' ಎಂಬ ಹಾಡಿನ ಪ್ರಸಂಗ. 1955ರಲ್ಲಿ ಜೊಹಾನ್ಸ್‌ಬರ್ಗ್‌ನ ಸೋಫಿಯಾಟೌನ್ ಬಡಾವಣೆಯ ಕರಿಯರನ್ನು ಬಂದೂಕಿನ ಕಾವಲಿನಲ್ಲಿ ಲಾರಿಗಳಿಗೆ ತುಂಬಿ ದೂರದ ಮೆಡೊಲ್ಯಾಂಡ್ಸ್‌ಗೆ ಸಾಗಿಸಲಾಯಿತು. ಸ್ಟ್ರೈಕ್ ವಿಲಕಾಜಿ ಅದರ ಮೇಲೆ ಕುಣಿಯುವಂಥ ಒಂದು ಹಾಡು ಕಟ್ಟಿದರು. ಮೇಲ್ನೋಟಕ್ಕೆ ಹೊಸ ಊರಿನ ಗುಣಗಾನ. ಬಿಳಿಯರ ಸರಕಾರ ತನ್ನ ಯೋಜನೆಗೆ ಜನಬೆಂಬಲ ಸಿಕ್ಕಿತೆಂದು ಹಿಗ್ಗಿತು! ಜನರ ಭಾಷೆಯನ್ನು ಕಲಿಯಲೊಲ್ಲದ ಪ್ರಭುತ್ವಕ್ಕೆ ಅವರ ಅಣಕ ಅರ್ಥವಾಗುವುದಾದರೂ ಹೇಗೆ?

ಹ್ಯೂ ಮಸೆಕೆಲಾ ಗಣಿ ಕಾರ್ಮಿಕರನ್ನು ತುಂಬಿಕೊಂಡು ಬರುವ ಕಲ್ಲಿದ್ದಲ ರೈಲಿನ ಬಗ್ಗೆ ಮಾತನಾಡುತ್ತಾರೆ. ತಾಯಿಯ ಅಂತ್ಯಕ್ರಿಯೆಗೂ ತಾಯ್ನಾಡಿಗೆ ಪ್ರವೇಶ ಸಿಗದ, ಮೂವತ್ತು ವರ್ಷ ಪರದೇಶಗಳಲ್ಲಿ ಹಾಡಿದ ಮಿರಿಯಂ ಮಕೇಬಾ ಇದ್ದಾರೆ. 1968ರ ಸುಮಾರಿಗೆ ಇಸ್ಲಾಮ್ ಸ್ವೀಕರಿಸಿದ ಕೇಪ್‌ಟೌನ್‌ನ ಪಿಯಾನೊ ವಾದಕ ಅಬ್ದುಲ್ಲಾ ಇಬ್ರಾಹೀಮ್ ಕೂಡ ಇದ್ದಾರೆ. ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆಯಲ್ಲೇ ರಾತ್ರಿ ಬೆಳಗು ಮಾಡುವ ನಮ್ಮ ಗೆಳೆಯರು ಅವರ ಮಾತನ್ನು ಒಮ್ಮೆ ಕೇಳಬೇಕು. ನಾಲ್ಕು ಸ್ವರಗಳ ಮೇಳದಲ್ಲಿ ನಡೆದ ಜಗತ್ತಿನ ಏಕೈಕ ಕ್ರಾಂತಿ ನಮ್ಮದು ಎಂಬುದು ಅವರ ಮಾತಿನ ಸಾರ. ಚಿತ್ರದ ಉಪಶೀರ್ಷಿಕೆ ಹುಟ್ಟಿದ್ದು ಅಲ್ಲಿಂದಲೇ. ಅಲ್ಲಿನ ಜನ ಚರ್ಚಿನಲ್ಲಿ ಕಲಿತ ವಿದ್ಯೆ ಇದು. ನಾಲ್ಕು ಗುಂಪುಗಳು ನಾಲ್ಕು ಬೇರೆ ಸ್ವರಗಳಲ್ಲಿ ಏಕಕಾಲಕ್ಕೆ ಹಾಡುತ್ತವೆ. ಯಾರೂ ಬರಿದೇ ಕೇಳುಗರಾಗಿ ಉಳಿಯುವುದಿಲ್ಲ.

ಪೊಲೀಸರನ್ನೂ ಮಾತನಾಡಿಸಿದ್ದು ಹಿರ್ಷ್ ಅವರ ಜಾಣತನ. ಜಿಂಬಾಬ್ವೆ ಕಡೆಯಿಂದ ಬಂದ ಟೊಯಿ-ಟೊಯಿ ಎಂಬ ಕುಣಿತವನ್ನು ಕುಣಿಯುತ್ತಾ ಬರಿಗೈಲಿ ನುಗ್ಗಿಬರುವ ಸಾವಿರಾರು ಜನರನ್ನು ಕಂಡು ತಾವು ಹೇಗೆ ಬೆವರಿದೆವೆಂದು ಬಿಳಿಯ ಅಧಿಕಾರಿಗಳೇ ಒಪ್ಪಿಕೊಳ್ಳುತ್ತಾರೆ. ಕೈಯಲ್ಲಿ ಬಂದೂಕು ಇದ್ದದ್ದು ಇವರದೇ.

ಇಷ್ಟಾದರೂ ನಮ್ಮದೊಂದು ತಕರಾರಿದೆ. 1948ರಿಂದ 1994ರವರೆಗಿನ ಇತಿಹಾಸವನ್ನು ಎರಡು ಗಂಟೆಗೂ ಕಡಿಮೆ ಅವಧಿಯಲ್ಲಿ ಮುಗಿಸುವ ಆತುರದಲ್ಲಿ ಹಾಡು ಯಾವಾಗಲೂ ನ್ಯಾಯದ ಪಕ್ಷದಲ್ಲೇ ಇರುತ್ತದೆಂದು ಚಿತ್ರ ನಂಬಿಬಿಡುತ್ತದೆ. ಮಂಡೇಲಾ ಗೆದ್ದರು, ಜನ ಕುಣಿದರು, ಅಲ್ಲಿಗೆ ಮುಗಿಯಿತು. ಆದರೆ ಹಾಡುಗಳು ಅಲ್ಲಿ ನಿಲ್ಲಲಿಲ್ಲ. 2006ರಲ್ಲಿ ಜೇಕಬ್ ಜುಮಾ ಅತ್ಯಾಚಾರದ ಆರೋಪ ಹೊತ್ತು ನ್ಯಾಯಾಲಯಕ್ಕೆ ಬಂದಾಗ ಹೊರಗೆ ನೆರೆದ ಬೆಂಬಲಿಗರು ಹಾಡಿದ್ದು ಗೆರಿಲ್ಲಾ ಹೋರಾಟದ ದಿನಗಳ ಹಾಡನ್ನೇ. ಜುಮಾರೂ ದನಿಗೂಡಿಸಿದರು. ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು, 2009ರಲ್ಲಿ ಅವರು ಅಧ್ಯಕ್ಷರೂ ಆದರು. ದೂರು ಕೊಟ್ಟ ಹೆಣ್ಣುಮಗಳ ಕಿವಿಗೆ ಆ ಹಾಡು ಹೇಗೆ ಕೇಳಿಸಿರಬಹುದು?

2002ರಲ್ಲಿ ಹಿರ್ಷ್‌ಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ, ನಿಜ. ಆದರೆ ವಿಜೇತರು ಆಳತೊಡಗಿ ಆಗಲೇ ಎಂಟು ವರ್ಷಗಳಾಗಿದ್ದವು. ಇನ್ನೀಗ ಯಾರ ವಿರುದ್ಧ ಹಾಡುತ್ತೀರಿ ಎಂದು ಕೇಳಬಹುದಿತ್ತು. ಸೆರೆಮನೆಯ ದಿನಗಳನ್ನು ಚಿತ್ರದಲ್ಲಿ ನೆನೆಯುವ ಥಂಡಿ ಮೊಡಿಸೆ ಮುಂದೆ 2021ರಲ್ಲಿ ರಕ್ಷಣಾ ಸಚಿವೆಯಾದರು. ಆ ದನಿಯಲ್ಲಿನ ನೋವನ್ನು ನಾವು ಅನುಮಾನಿಸುವುದಿಲ್ಲ. ಸರಕಾರದ ಕುರ್ಚಿಯಲ್ಲಿ ಕೂತವರಿಗೆ ಬೀದಿಯ ಹಾಡು ಕೇಳಿಸುತ್ತದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ಚಿತ್ರ ನೋಡುವವರು ಅದರ ಬೆನ್ನಿಗೇ ರೆಹಾದ್ ದೇಸಾಯಿಯವರ 'ಮೈನರ್ಸ್ ಶಾಟ್ ಡೌನ್' (2014) ನೋಡಿದರೆ ಒಳ್ಳೆಯದು. ಮಾರಿಕಾನಾದ ಪ್ಲಾಟಿನಂ ಗಣಿ ಕಾರ್ಮಿಕರು ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿ ಗುಡ್ಡದ ಮೇಲೆ ಕೂತು ಹಾಡುತ್ತಿರುತ್ತಾರೆ. 2012ರ ಆಗಸ್ಟ್ 16ರಂದು ಪೊಲೀಸರು ಅವರಲ್ಲಿ 34 ಮಂದಿಯನ್ನು ಗುಂಡಿಟ್ಟು ಕೊಂದರು. ಆಗ ಆಳುತ್ತಿದ್ದದ್ದು ವುಯಿಸಿಲೆ ಮಿನಿಯ ಪಕ್ಷ.